ಅಜ್ಜಿಯ ಹಾಡು, 22 ಟ್ರ್ಯಾಕು ಮತ್ತು ಒಂದು ಹಳೇ ಮಿಕ್ಸರ್

ರಾತ್ರಿ ಒಂದೂವರೆ ಗಂಟೆಗೆ ಫೋನಿನಲ್ಲಿ ಇಎಂಐ ಲೆಕ್ಕ ಹಾಕುತ್ತಾ ಕೂತಿದ್ದೆ. ಬೈಕಿಗಲ್ಲ, ಸೈಟಿಗಲ್ಲ. ಒಂದು ಕಬ್ಬಿಣದ ಡಬ್ಬಿಗೆ. ಹಿಂದೆ 16 ತೂತು, ಮುಂದೆ ಎರಡು ತಿರುಗಣೆ, ಬೆಲೆ ಒಂದು ಲಕ್ಷದ ಹದಿನೆಂಟು ಸಾವಿರ. ಅದರ ಹೆಸರು ಅನಲಾಗ್ ಸಮ್ಮಿಂಗ್ ಮಿಕ್ಸರ್. ಕೆಲಸ ಏನಪ್ಪಾ ಅಂದ್ರೆ ಕೂಡುವುದು. ಹೌದು, ಒಂದನೇ ಕ್ಲಾಸಿನ ಕೂಡುವ ಲೆಕ್ಕವೇ.

ಹಗಲು ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಹಾಡು ಮಿಕ್ಸ್ ಮಾಡುವ ಹುಚ್ಚು. ಈ ಹುಚ್ಚು ಇರುವ ಯಾರನ್ನೇ ಕೇಳಿ, ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಂತಿರುತ್ತಾರೆ. ಹಾಡಿನ ಎಲ್ಲ ಟ್ರ್ಯಾಕುಗಳನ್ನು ಕಂಪ್ಯೂಟರ್ ಒಳಗೇ ಕೂಡಿಸಿದರೆ ದನಿ ಚಪ್ಪಟೆ ಆಗುತ್ತಂತೆ, ಹೊರಗೆ ತಂದು ತಂತಿಯಲ್ಲಿ ಕೂಡಿಸಿದರೆ ಆಳ, ಅಗಲ, ಬೆಚ್ಚಗಿನ ಭಾವ ಎಲ್ಲ ಬರುತ್ತಂತೆ. ಈ "ಅಂತೆ"ಗೆ ನಾನು ಲಕ್ಷ ರೂಪಾಯಿ ಸುರಿಯಲು ಹೊರಟಿದ್ದಕ್ಕೆ ಕಾರಣ ನನ್ನ ಅಜ್ಜಿ.

ಅಮ್ಮನ ತವರು ಚಳ್ಳಕೆರೆ ತಾಲ್ಲೂಕಿನಲ್ಲಿ, ವರವು ಕಾವಲಿನ ಅಂಚಿನ ಹಳ್ಳಿ. ಕಾವಲು ಅಂದರೆ ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲು. ಈಗ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಡಿಆರ್‌ಡಿಒ ಸುಪರ್ದಿನಲ್ಲಿದೆ. ವಿಮಾನ ಪರೀಕ್ಷಿಸುವ ಜಾಗ, 2017ರ ಮೇ 28ರಂದು ಉದ್ಘಾಟನೆ ಆಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ ಅದು ತಾನೇ ಬಂದು ಇಳಿದದ್ದು ಇಲ್ಲಿಯ ರನ್‌ವೇ ಮೇಲೆ. ಕುರಿ ಮೇಯಿಸುತ್ತಿದ್ದ ಜಾಗಕ್ಕೆ ಗೋಡೆ ಬಂತು ಅಂತ ಮಾವಂದಿರು ಇವತ್ತಿಗೂ ಗೊಣಗುತ್ತಾರೆ. ಅದು ಬೇರೆಯದೇ ಲೇಖನದ ವಿಷಯ.

ಅದೇ ವರ್ಷದ ಸಂಕ್ರಾಂತಿ ರಜಕ್ಕೆ ಹೋದಾಗ ಅಜ್ಜಿಯ ಹಾಡನ್ನು ರೆಕಾರ್ಡ್ ಮಾಡಿದೆ. ನಮ್ಮ ಸೀಮೆಯಲ್ಲಿ ಹಾಡುವ ಅಜ್ಜಿಯರಿಗೆ ಬರ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಬರೀ ನೆನಪಿನಿಂದ ಹಾಡಿ ನಾಡೋಜ ಆದವರು. ನಮ್ಮಜ್ಜಿ ಅಷ್ಟು ದೊಡ್ಡವಳಲ್ಲ. ಮದುವೆ, ಒಸಗೆಗಳಲ್ಲಿ ಸೋಬಾನೆ ಹೇಳುತ್ತಿದ್ದವಳು. ಅವಳು ಒಂದು ಸಾಲು ಹೇಳಿದರೆ ಜೊತೆಯ ಇಬ್ಬರು ಸೊಲ್ಲು ಹಿಡಿಯುತ್ತಿದ್ದರು. ಪಕ್ಕದ ಹಟ್ಟಿಯಿಂದ ಒಬ್ಬ ತಾತ ಗಣೆ ತಂದಿದ್ದರು. ಗಣೆ ಅಂದರೆ ಜುಂಜಪ್ಪನ ಪದ ಹಾಡುವವರ ಕೈಯಲ್ಲಿರುವ ಉದ್ದನೆಯ ಬಿದಿರ ಕೊಳಲು. ಇನ್ನೊಬ್ಬರು ಉರುಮೆ. ಬಾಗಿದ ಕೋಲಿನಿಂದ ಚರ್ಮ ಉಜ್ಜಿದಾಗ ಅದು "ಊಂ...ವ್" ಅಂತ ನರಳುತ್ತಲ್ಲ, ಆ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಎದೆಗೂಡು ಅದುರುತ್ತೆ.

ನಾಲ್ಕು ಮೈಕು, ಒಂದು ಸಣ್ಣ ರೆಕಾರ್ಡರ್. ಅಜ್ಜಿಗೊಂದು, ಸೊಲ್ಲಿನವರಿಬ್ಬರಿಗೆ ಸೇರಿ ಒಂದು, ಗಣೆಗೊಂದು, ಉರುಮೆಗೊಂದು. ಅಂಗಳದಲ್ಲೇ ಕೂತೆವು. ಕಾವಲಿನ ಗಾಳಿ ಸುಮ್ಮನೆ ಬೀಸುತ್ತಿತ್ತು, ಮೇಲೆ ಎಲ್ಲೋ ಗುಂಯ್ ಅಂತ ಏನೋ ಹಾರುತ್ತಿತ್ತು. ಸಂಗೀತದಲ್ಲೂ ತಂಬೂರಿ ಶ್ರುತಿಗೆ ಡ್ರೋನ್ ಅಂತಾರೆ, ಹೆಂಗೂ ಪುಕ್ಕಟೆ ಶ್ರುತಿ ಸಿಕ್ಕಿತು ಅಂತ ಜೋಕ್ ಮಾಡಿದೆ. ಯಾರೂ ನಗಲಿಲ್ಲ.

ಆ ಮಳೆಗಾಲದಲ್ಲಿ ಅಜ್ಜಿ ಹೋದಳು. ವರ್ಷದ ಕಾರ್ಯಕ್ಕೆ ಬಂದ ನೆಂಟರಿಗೆಲ್ಲ ಅಜ್ಜಿಯ ಹಾಡು ಕೇಳಿಸಬೇಕು ಅಂತ ಮನೆಯಲ್ಲಿ ತೀರ್ಮಾನ ಆಯಿತು. ನಾನು ಕೂತೆ. ಗೆಳೆಯನೊಬ್ಬ ಬೇಸ್ ಗಿಟಾರ್ ನುಡಿಸಿಕೊಟ್ಟ, ಇನ್ನೊಬ್ಬ ಕೀಬೋರ್ಡ್. ನೋಡುನೋಡುತ್ತಾ 22 ಟ್ರ್ಯಾಕ್ ಆಯಿತು. ಎಷ್ಟು ತಿಕ್ಕಿದರೂ ಏನೋ ಕೊರತೆ. ದನಿ ಇದೆ, ಅಜ್ಜಿ ಇಲ್ಲ. ಆಗಲೇ ನನ್ನ ತಲೆಗೆ ಆ ಡಬ್ಬಿ ಹೊಕ್ಕಿದ್ದು.

ಕೊಳ್ಳುವ ಮುಂಚೆ ಒಂದು ನಿಮಿಷ ಎಂಜಿನಿಯರ್ ಥರ ಯೋಚಿಸೋಣ ಅಂದುಕೊಂಡೆ. ಕಂಪ್ಯೂಟರ್ ಒಳಗೆ ಸದ್ದು ಅಂದರೆ ಬರೀ ಅಂಕಿಗಳ ಸಾಲು. ಸೆಕೆಂಡಿಗೆ 48,000 ಅಂಕಿ. 22 ಟ್ರ್ಯಾಕ್ ಬೆರೆಸುವುದು ಅಂದರೆ ಆ ಕ್ಷಣದ 22 ಅಂಕಿಗಳನ್ನು ಕೂಡಿ ಒಂದು ಅಂಕಿ ಮಾಡುವುದು. ಅಂದರೆ ಒಂದು ಕಿವಿಗೆ ಸೆಕೆಂಡಿಗೆ ಹತ್ತು ಲಕ್ಷ ಚಿಲ್ಲರೆ ಕೂಡುವ ಲೆಕ್ಕ. ಕೇಳೋಕೆ ದೊಡ್ಡದು, ಆದರೆ ನಿಮ್ಮ ಕೈಯಲ್ಲಿರುವ ಫೋನು ಸೆಕೆಂಡಿಗೆ ನೂರಾರು ಕೋಟಿ ಲೆಕ್ಕ ಮಾಡುತ್ತೆ. ಅದಕ್ಕಿದು ಕಡಲೆ ಪುರಿ.

ಕೂಡುವಾಗ ತಪ್ಪಾಗಲ್ವಾ? ಆಗುತ್ತೆ. ಕೋಡ್ ಬರೆಯುವವರಿಗೆಲ್ಲ ಗೊತ್ತಿರುವ ಹಳೇ ತಮಾಷೆ: 0.1ಕ್ಕೆ 0.2 ಕೂಡಿಸು ಅಂದರೆ ಕಂಪ್ಯೂಟರ್ 0.30000000000000004 ಅನ್ನುತ್ತೆ. ಕೂಡುವ ಕ್ರಮ ಬದಲಿಸಿದರೆ ಕೊನೆಯ ಅಂಕಿ ಬದಲಾಗಬಹುದು. ನನಗೂ ಒಂದು ಕ್ಷಣ "ಸಿಕ್ಕಿಬಿದ್ಯಾ!" ಅನಿಸಿತು. ಆದರೆ ಆ ತಪ್ಪು ಇರುವುದು ಎಲ್ಲಿ? ಇವತ್ತಿನ ಸಾಫ್ಟ್‌ವೇರುಗಳು 32 ಅಥವಾ 64 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಕೂಡುತ್ತವೆ. 32 ಬಿಟ್‌ನಲ್ಲೂ ಆ ತಪ್ಪು ಹಾಡಿಗಿಂತ ಸುಮಾರು 140 ಡೆಸಿಬೆಲ್ ಕೆಳಗೆ. ನಿಮ್ಮ ರೂಮಿನ ಫ್ಯಾನಿನ ಸದ್ದು, ನಿಮ್ಮದೇ ರಕ್ತ ಹರಿಯುವ ಸದ್ದು, ಎಲ್ಲ ಅದಕ್ಕಿಂತ ಜೋರು.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಬೆಂಕಿ ಇಲ್ಲದೆ ಹೊಗೆ ಆಡಲಿಲ್ಲ. ಪ್ರೋ ಟೂಲ್ಸ್ ಅನ್ನುವ ಸಾಫ್ಟ್‌ವೇರ್ 1991ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕ್. ಆಮೇಲೆ ಬಂದ ಅದರ ದೊಡ್ಡ ವ್ಯವಸ್ಥೆಗಳು ಮೊಟೊರೋಲಾ ಚಿಪ್ಪುಗಳ ಮೇಲೆ ಪೂರ್ಣಾಂಕ ಗಣಿತದಲ್ಲಿ ಲೆಕ್ಕ ಮಾಡುತ್ತಿದ್ದವು. ಒಂದು ಹಂತದಿಂದ ಇನ್ನೊಂದಕ್ಕೆ ಸದ್ದು ದಾಟುವಾಗ 24 ಬಿಟ್‌ಗೆ ಕತ್ತರಿಸಲೇಬೇಕಿತ್ತು. ಮಟ್ಟ ಸ್ವಲ್ಪ ಜಾಸ್ತಿ ಆದರೆ ಒಡೆಯುತ್ತಿತ್ತು, ಕಮ್ಮಿ ಆದರೆ ತಳದ ಸೂಕ್ಷ್ಮ ಹೋಗುತ್ತಿತ್ತು. 2000ದ ಆಸುಪಾಸಿನಲ್ಲಿ "ಹೊರಗೆ ಕೂಡಿಸಿ" ಅಂತ ಸಮ್ಮಿಂಗ್ ಡಬ್ಬಿಗಳು ಮಾರುಕಟ್ಟೆಗೆ ಬಂದವು. ನೀವ್ ಥರದ ದೊಡ್ಡ ಹೆಸರಿನವರೂ ಆಮೇಲೆ ಮಾಡಿದರು. 2011ರಲ್ಲಿ ಪ್ರೋ ಟೂಲ್ಸ್‌ನ ದೊಡ್ಡ ವ್ಯವಸ್ಥೆಯೂ ಫ್ಲೋಟಿಂಗ್ ಪಾಯಿಂಟ್‌ಗೆ ಬಂತು. ಕಾಯಿಲೆ ವಾಸಿ ಆಯಿತು, ಔಷಧಿಯ ಅಂಗಡಿ ಮಾತ್ರ ಮುಚ್ಚಲಿಲ್ಲ. ಇನ್ನೊಂದು ವಿಷಯ. ಆ ಹಳೇ ಪ್ರೋ ಟೂಲ್ಸ್ ಕಾಲದಲ್ಲೇ, 1999ರಲ್ಲಿ, ರಿಕಿ ಮಾರ್ಟಿನ್‌ನ "ಲಿವಿನ್ ಲಾ ವಿಡಾ ಲೋಕಾ" ಪೂರ್ತಿ ಕಂಪ್ಯೂಟರ್ ಒಳಗೇ ತಯಾರಾಗಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ನಮ್ಮ ಸ್ಕೂಲ್ ಡೇಗಳಲ್ಲಿ ಅದಕ್ಕೆ ಕುಣಿದವರಿಗೆ ದನಿ ಚಪ್ಪಟೆ ಅನಿಸಿದ್ದು ನೆನಪಿಲ್ಲ.

ಇನ್ನು ಅನಲಾಗ್ ಕಡೆ. ಇದನ್ನು ನೀವೂ ಮಾಡಿರಬಹುದು. ಎಂಜಿನಿಯರಿಂಗ್ ಎರಡನೇ ವರ್ಷದ ಲ್ಯಾಬಿನಲ್ಲಿ 741 ಐಸಿ ಇಟ್ಟುಕೊಂಡು "ಆಡರ್ ಸರ್ಕ್ಯೂಟ್" ಕಟ್ಟಿದ್ದು ನೆನಪಿದೆಯಾ? ಅದೇ ಇದು. ಪ್ರತಿ ಚಾನೆಲ್ಲಿಗೆ ಒಂದು ರೆಸಿಸ್ಟರ್, ಎಲ್ಲದರ ಇನ್ನೊಂದು ತುದಿ ಒಂದೇ ತಂತಿಗೆ. ವಿದ್ಯುತ್ತು ತಾನಾಗಿ ಕೂಡಿಕೊಳ್ಳುತ್ತೆ, ಆಪ್-ಆಂಪ್ ಅದನ್ನು ಎತ್ತಿ ಕೊಡುತ್ತೆ. ಆ ಲ್ಯಾಬಿನ ರೀಡಿಂಗ್ ಅನ್ನು ನಾನು ಪಕ್ಕದವನ ರೆಕಾರ್ಡ್ ನೋಡಿ ಬರೆದಿದ್ದೆ. ಹನ್ನೊಂದು ವರ್ಷದ ಮೇಲೆ ಅದೇ ಸರ್ಕ್ಯೂಟಿಗೆ ಲಕ್ಷ ಕೊಡಲು ಹೊರಟಿದ್ದು ಆ ಪಾಪಕ್ಕೇ ಇರಬೇಕು.

ಅನಲಾಗ್ ಕೂಡುವಿಕೆಯಲ್ಲಿ ಏನಾದರೂ ವಿಶೇಷ ಇದ್ದರೆ ಅದು ಕೂಡುವುದರಲ್ಲಿ ಇಲ್ಲ, ಕೂಡುವಾಗ ಆಗುವ ತಪ್ಪುಗಳಲ್ಲಿ ಇದೆ. ಒಂದು ಚಾನೆಲ್ಲಿನ ಸದ್ದು ಪಕ್ಕದ್ದಕ್ಕೆ ಸ್ವಲ್ಪ ಸೋರುತ್ತೆ. ಎಡ ಬಲ ಪೂರ್ತಿ ಒಂದೇ ಇರಲ್ಲ. ಟ್ರಾನ್ಸ್‌ಫಾರ್ಮರ್ ಇದ್ದರೆ, ಜೋರಾಗಿ ತಳ್ಳಿದಾಗ ತಗ್ಗಿನ ಸ್ವರಗಳು ತುಸು ದಪ್ಪ ಆಗುತ್ತವೆ. ಕೆಲವರಿಗೆ ಇದು ಇಷ್ಟ, ನನಗೂ ಇಷ್ಟ. ಚಳ್ಳಕೆರೆಯ ಕೈಮಗ್ಗದ ಕಂಬಳಿಯಲ್ಲಿ ನೂಲು ಒಂದೊಂದು ಕಡೆ ದಪ್ಪ ಇರುತ್ತಲ್ಲ, ಆ ಥರ. ಆದರೆ ಅದನ್ನು "ಗಣಿತ ಸರಿ ಇಲ್ಲ" ಅಂತ ಹೇಳಿ ಮಾರುವುದು ಸರಿಯಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಆಸೆ ಹೋಗಲಿಲ್ಲ, ಯಾಕಂದ್ರೆ ಕಿವಿ ಲೆಕ್ಕ ಕೇಳಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಒಂದು ಶನಿವಾರ ಊರಿಗೆ ಹೋದೆ. ಚಳ್ಳಕೆರೆಯಲ್ಲಿ ಜಾತ್ರೆ, ಮದುವೆಗಳಿಗೆ ಸೌಂಡ್ಸ್ ಬಾಡಿಗೆ ಕೊಡುವ ಅಣ್ಣನೊಬ್ಬ ನನಗೆ ಪರಿಚಯ. ಅವನ ಗೋದಾಮಿನಲ್ಲಿ 16 ಚಾನೆಲ್ಲಿನ ಹಳೇ ಅನಲಾಗ್ ಮಿಕ್ಸರ್ ಇತ್ತು. ಮೇಲೆ ಅರಿಶಿನದ ಕಲೆ, ಮೂರನೇ ಫೇಡರಿನ ತಲೆಯೇ ಇಲ್ಲ.

"ಇದ್ರಾಗೆ ಏನ್ ಮಾಡ್ತೀಯಪ್ಪಾ?" ಅಂದ.

"ಕೂಡ್ಸೋದು ಅಣ್ಣ."

"ಕಳೆಯೋದು ಬ್ಯಾಡ್ವಾ?" ಅಂತ ನಕ್ಕು, ಬಾಡಿಗೆ ಬೇಡ, ಸೋಮವಾರ ಬೆಳಿಗ್ಗೆ ವಾಪಸ್ ಕೊಡು ಅಂದ.

22 ಟ್ರ್ಯಾಕನ್ನು ನಾಲ್ಕು ಜೋಡಿ ಮಾಡಿ, ಎಂಟು ತಂತಿಯಲ್ಲಿ ಲ್ಯಾಪ್‌ಟಾಪಿನಿಂದ ಹೊರಗೆ ಕಳಿಸಿದೆ. ಮಿಕ್ಸರಿನಲ್ಲಿ ಕೂಡಿ ಬಂದದ್ದನ್ನು ಎರಡು ತಂತಿಯಲ್ಲಿ ವಾಪಸ್ ತಂದು ರೆಕಾರ್ಡ್ ಮಾಡಿದೆ. ಮೊದಲ ಗಂಟೆ ಬರೀ "ಗುಂ" ಅನ್ನುವ ಕರೆಂಟಿನ ಸದ್ದು. ಅರ್ಥಿಂಗ್ ಸರಿ ಮಾಡಿ, ಎರಡೂ ಪ್ಲಗ್ಗನ್ನು ಒಂದೇ ಬೋರ್ಡಿಗೆ ಹಾಕಿದ ಮೇಲೆ ಕಮ್ಮಿ ಆಯಿತು. ಆಮೇಲೆ ಎರಡನ್ನೂ ಒಂದಾದ ಮೇಲೊಂದು ಕೇಳಿದೆ.

ಅಯ್ಯೋ, ಅನಲಾಗೇ ಚೆನ್ನಾಗಿತ್ತು! ಉರುಮೆ ಮುಂದೆ ಬಂತು, ಅಜ್ಜಿ ಹತ್ತಿರ ಬಂದಳು. ಮೈ ಜುಂ ಅಂತು. ಇಎಂಐ ಅರ್ಜಿ ಮತ್ತೆ ತೆರೆದೆ.

ಅಷ್ಟರಲ್ಲಿ ಮೀಟರ್ ನೋಡಿದೆ. ಅನಲಾಗ್ ಆವೃತ್ತಿ 0.7 ಡೆಸಿಬೆಲ್ ಜೋರಿತ್ತು. ಎಡಗಡೆ ಬಲಗಡೆಗಿಂತ 0.4 ಜಾಸ್ತಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ "ಜೋರು" ಅಂತ ಗುರುತಿಸಲ್ಲ, "ಚೆನ್ನಾಗಿದೆ" ಅಂತ ಗುರುತಿಸುತ್ತೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು, ಸದ್ದಿನ ಮಟ್ಟ ಏರಿದ ಹಾಗೆ ತಗ್ಗಿನ ಸ್ವರಗಳು ನಮಗೆ ಇನ್ನೂ ತುಂಬಿ ಕೇಳಿಸುತ್ತವೆ ಅಂತ. ನನ್ನ ಉರುಮೆ ಮುಂದೆ ಬಂದದ್ದು ಬಹುಶಃ ಹೀಗೆ.

ಮಟ್ಟ ಸರಿದೂಗಿಸಿ, ಯಾವುದು ಯಾವುದು ಅಂತ ನನಗೆ ಗೊತ್ತಾಗದ ಹಾಗೆ ಹತ್ತು ಸಲ ಕೇಳಿಸಲು ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಹತ್ತರಲ್ಲಿ ಆರು ಸರಿ. ಖುಷಿ ಪಡುವ ಹಾಗಿಲ್ಲ. ನಾಣ್ಯ ಚಿಮ್ಮಿ ಊಹಿಸಿದರೂ ಆರು ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ನೂರಕ್ಕೆ 38. ಎಂಟು ಬಂದಿದ್ದರೂ ಅದೃಷ್ಟ ಅನ್ನಲು ಜಾಗ ಇತ್ತು, ಒಂಬತ್ತು ಬಂದಿದ್ದರೆ ಡಬ್ಬಿ ಬಗ್ಗೆ ಯೋಚಿಸಬಹುದಿತ್ತು.

ಇನ್ನೊಂದು ಪರೀಕ್ಷೆ ನೀವೂ ಮನೆಯಲ್ಲಿ ಮಾಡಬಹುದು, ಕಾಸು ಖರ್ಚಿಲ್ಲ. ಒಂದೇ ಹಾಡನ್ನು ಎರಡು ಬೇರೆ ಸಾಫ್ಟ್‌ವೇರಿನಲ್ಲಿ, ಯಾವ ಪ್ಲಗಿನ್ ಇಲ್ಲದೆ, ಒಂದೇ ಮಟ್ಟದಲ್ಲಿ ಕೂಡಿಸಿ. ಒಂದನ್ನು ತಲೆಕೆಳಗು ಮಾಡಿ, ಅಂದರೆ ಪ್ಲಸ್ ಇದ್ದದ್ದನ್ನು ಮೈನಸ್ ಮಾಡಿ, ಇನ್ನೊಂದರ ಮೇಲೆ ಇಡಿ. ಎರಡೂ ಒಂದೇ ಆಗಿದ್ದರೆ ಉಳಿಯುವುದು ಮೌನ. ನನಗೆ ಮೊದಲ ಸಲ ಮೌನ ಬರಲಿಲ್ಲ, ಒಳಗೊಳಗೇ ಕುಣಿದೆ. ನೋಡಿದರೆ ಒಂದರಲ್ಲಿ ಪ್ಯಾನ್ ನಿಯಮ ಬೇರೆ ಇತ್ತು. ಸದ್ದನ್ನು ಮಧ್ಯಕ್ಕೆ ಇಟ್ಟಾಗ ಎಷ್ಟು ತಗ್ಗಿಸಬೇಕು ಅನ್ನುವುದನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ಇಟ್ಟುಕೊಂಡಿರುತ್ತೆ. "ಈ ಸಾಫ್ಟ್‌ವೇರ್ ದನಿ ಚೆಂದ, ಅದರದ್ದು ಸಪ್ಪೆ" ಅನ್ನುವ ಜಗಳಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಅದನ್ನು ಸರಿ ಮಾಡಿದ ಮೇಲೆ ಪೂರ್ತಿ ಮೌನ. ಅಣ್ಣನ ಮಿಕ್ಸರಿನ ಜೊತೆ ಅದೇ ಮಾಡಿದಾಗ ಉಳಿದದ್ದು ಕರೆಂಟಿನ ಗುಂಯ್, ಸ್ವಲ್ಪ ಮಳೆಯಂಥ ಸರ‍್ರ್, ಏರು ಸ್ವರಗಳ ತೆಳು ಚೂರು.

ನಿಜವಾದ ವಿಷಯ ಭಾನುವಾರ ಸಂಜೆ ಆಯಿತು. ಅಮ್ಮ ಟೀ ತಂದಳು. "ಯಾವ್ದು ಚೆನ್ನಾಗೈತೆ ಹೇಳು" ಅಂತ ಎರಡೂ ಕೇಳಿಸಿದೆ. ಮೊದಲನೆಯದನ್ನು ಕೇಳಿದಳು. ಎರಡನೆಯದನ್ನೂ ಪೂರ್ತಿ ಕೇಳಿದಳು. ಹೆಡ್‌ಫೋನ್ ತೆಗೆದು ಕೆಳಗಿಟ್ಟಳು.

"ಇದೇನೋ, ಅವ್ವ ಉಸ್ರೇ ತಗಳ್ದಂಗೆ ಹಾಡ್ತಾಳೆ?"

ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಗಾಳಿ ಸದ್ದು ಇರಬಾರದು ಅಂತ ನಾನು ಮೊದಲ ದಿನವೇ ಅಜ್ಜಿಯ ಟ್ರ್ಯಾಕಿಗೆ ಸದ್ದು ತೆಗೆಯುವ ಪ್ಲಗಿನ್ ಹಾಕಿದ್ದೆ. ಅದು ಗಾಳಿಯ ಜೊತೆಗೆ ಅವಳ ಉಸಿರನ್ನೂ ನುಂಗಿತ್ತು. ಪ್ರತಿ ಸಾಲಿಗೆ ಮುಂಚೆ ಅವಳು "ಹ್ಞಂ" ಅಂತ ಸಣ್ಣಗೆ ಶ್ರುತಿ ಹಿಡಿಯುತ್ತಿದ್ದಳು, ಅದೂ ಇಲ್ಲ. ಮೂರನೇ ಪದದ ನಡುವಿನ ಕೆಮ್ಮು, ಅದಾದ ಮೇಲೆ "ತಡ್ಕಳ್ರೇ" ಅಂದದ್ದು, ಎಲ್ಲ ಸ್ವಚ್ಛ. ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಕೊರತೆ ಇದೇ.

ಮೂಲ ಫೈಲ್ ಇದ್ದರೆ ಐದು ನಿಮಿಷದ ಕೆಲಸ. ಇರಲಿಲ್ಲ. ಅದೇ ಹೆಸರಿನಲ್ಲಿ ಸೇವ್ ಮಾಡಿದ್ದೆ. ಮೆಮೊರಿ ಕಾರ್ಡನ್ನು ಗೆಳೆಯನ ಮದುವೆ ಶೂಟಿಂಗಿಗೆ ಅಂತ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದೆ. ಆಫೀಸಿನಲ್ಲಿ ಒಂದು ಸಾಲು ಕೋಡಿಗೂ ಗಿಟ್, ಬ್ಯಾಕಪ್, ಎರಡು ಜನರ ರಿವ್ಯೂ ಕೇಳುವವನು ನಾನೇ. ಅಜ್ಜಿಯ ದನಿಗೆ ಒಂದು ಕಾಪಿ ಇಟ್ಟಿರಲಿಲ್ಲ. ಇದನ್ನು ಅಮ್ಮನಿಗೆ ಆ ಸಂಜೆ ಹೇಳಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಸುಮ್ಮನೆ ಒಂದೊಂದೇ ಟ್ರ್ಯಾಕ್ ಕೇಳುತ್ತಾ ಕೂತೆ. ಉರುಮೆಯ ಮೈಕಿಗೆ ಬಂದೆ. ಉರುಮೆ ನಿಂತ ಜಾಗದಲ್ಲಿ, ದೂರದಿಂದ, ತೆಳ್ಳಗೆ, "ಹ್ಞಂ".

ಮೊದಲೇ ಹೊಳೆಯಬೇಕಿತ್ತು. ಒಂದೇ ಅಂಗಳದಲ್ಲಿ ನಾಲ್ಕು ಮೈಕ್ ಇಟ್ಟರೆ ಎಲ್ಲರ ಸದ್ದೂ ಎಲ್ಲ ಮೈಕಿಗೂ ಸೋರುತ್ತೆ. ಸ್ಟುಡಿಯೋದವರಿಗೆ ಇದು ಕಿರಿಕಿರಿ. ಆದರೆ ನಮ್ಮ ಹಿಂದಿನವರು ಕೇಳಿದ ಕನ್ನಡ ಸಿನಿಮಾ ಹಾಡುಗಳೆಲ್ಲ ಹೆಚ್ಚುಕಮ್ಮಿ ಹೀಗೇ ಆದವು. ಮದ್ರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ, ಕೆಲವೇ ಮೈಕುಗಳ ಸುತ್ತ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಬೆಂಗಳೂರಿನಲ್ಲೇ ಒಳ್ಳೆಯ ರೆಕಾರ್ಡಿಂಗ್ ಆಗಬೇಕು ಅಂತ ಶಂಕರ್ ನಾಗ್ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆಮೇಲಿನ ಮಾತು. ಆ ಹಳೇ ಹಾಡುಗಳಲ್ಲಿ ಅರ್ಧ ಕೂಡುವ ಕೆಲಸ ಮಾಡಿದ್ದು ಕೋಣೆಯ ಗಾಳಿ. ಅದರ ಮುಂದೆ ನನ್ನ ಒಂದು ಲಕ್ಷದ ಡಬ್ಬಿ ಯಾವ ಲೆಕ್ಕ!

ಬೇಸ್, ಕೀಬೋರ್ಡ್ ಎಲ್ಲ ತೆಗೆದೆ. ಗೆಳೆಯರಿಗೆ ಬೇಜಾರಾಯಿತು, ಒಬ್ಬ ಇವತ್ತಿಗೂ ಅಷ್ಟಕ್ಕಷ್ಟೆ. ಉರುಮೆ ಮತ್ತು ಗಣೆಯ ಮೈಕುಗಳನ್ನು ಎತ್ತಿದೆ. ಅಜ್ಜಿ ಕೂತದ್ದು ಉರುಮೆಯಿಂದ ನಾಲ್ಕು ಅಡಿ ದೂರ. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತೆ, ಅಂದರೆ ಅವಳ ದನಿ ಆ ಮೈಕಿಗೆ ಮೂರೂವರೆ ಮಿಲಿಸೆಕೆಂಡ್ ತಡವಾಗಿ ಬಂದಿರುತ್ತೆ, ಅಂಕಿಗಳ ಲೆಕ್ಕದಲ್ಲಿ 168. ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಿದೆ. ಕೈಯಿಂದ ಒಂದೆರಡು ಅಂಕಿ ಆಚೀಚೆ ಮಾಡಿದಾಗ ಎರಡು ದನಿಗಳು ಒಂದಾದವು. ಸ್ವಚ್ಛವಾದ ಅಜ್ಜಿಯ ಹಿಂದೆ ಉಸಿರಾಡುವ ಅಜ್ಜಿ. ಗಾಳಿಯೂ ಬಂತು, ಮೇಲೆ ಹಾರುತ್ತಿದ್ದದ್ದರ ಗುಂಯ್ ಕೂಡ. ಬಿಟ್ಟೆ. ಕೆಮ್ಮು ಅರ್ಧ ಸಿಕ್ಕಿತು. "ತಡ್ಕಳ್ರೇ" ಅಂದದ್ದು ಮಾತ್ರ ಉರುಮೆಯ ಸದ್ದಿನ ಅಡಿ ಹೋಗಿತ್ತು, ಎಷ್ಟು ಹೆಣಗಿದರೂ ಬರಲಿಲ್ಲ.

ಈ ಎಲ್ಲ ಕೂಡಿಸಿದ್ದು ಲ್ಯಾಪ್‌ಟಾಪ್ ಒಳಗೇ. ಅನಲಾಗ್ ಬೇಡವೇ ಬೇಡ ಅನ್ನುವವನಲ್ಲ ನಾನು. ಕೈಗೆ ಫೇಡರ್ ಸಿಕ್ಕಿದರೆ ಪರದೆ ನೋಡುವುದು ಕಮ್ಮಿ ಆಗಿ ಕೇಳುವುದು ಜಾಸ್ತಿ ಆಗುತ್ತೆ, ಅದು ನಿಜ. ಕಾಸಿದ್ದವರು ಕೊಳ್ಳಲಿ. ಆದರೆ ಎರಡು ನೀವ್ ಕನ್ಸೋಲ್ ಇದ್ದ, ಗ್ರ್ಯಾಮಿ ಗೆದ್ದ ಆಂಡ್ರ್ಯೂ ಶೆಪ್ಸ್ ಅಂಥವರೇ ಪೂರ್ತಿ ಕಂಪ್ಯೂಟರ್ ಒಳಗೆ ಬಂದು ಕೂತಿದ್ದಾರೆ. ಎರಡು ವಾರದ ಮೇಲೆ ಅದೇ ಮಿಕ್ಸ್ ತೆರೆದು "ಗಣೆ ಸ್ವಲ್ಪ ಕಮ್ಮಿ ಮಾಡು" ಅನ್ನುವ ಮಾವನ ಮಾತು ಕೇಳಬೇಕಾದರೆ ಕಂಪ್ಯೂಟರಿನಲ್ಲಿ ಒಂದು ನಿಮಿಷ, ಹೊರಗಿನ ಮಿಕ್ಸರಿನಲ್ಲಿ ಎಲ್ಲ ತಿರುಗಣೆಗಳ ಫೋಟೋ ತೆಗೆದಿಟ್ಟಿರಬೇಕು. ಮಾವ ನಾಲ್ಕು ಸಲ ಹೇಳಿದರು.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಮುಂಚೆ ಮಿಕ್ಸರ್ ವಾಪಸ್ ಕೊಟ್ಟೆ. "ಕೂಡ್ಸಿದ್ಯಾ?" ಅಂದ ಅಣ್ಣ. ಮೂರನೇ ಫೇಡರಿಗೆ ಹೊಸ ತಲೆ ಹಾಕಿದ್ದನ್ನು ತೋರಿಸಿದೆ, ಖುಷಿಪಟ್ಟ.

ವರ್ಷದ ಕಾರ್ಯದ ದಿನ ಅದೇ ಅಣ್ಣನ ಎರಡು ಬಾಕ್ಸುಗಳಲ್ಲಿ ಹಾಡು ಹಾಕಿದೆವು. ಸೊಲ್ಲು ಹಿಡಿಯುತ್ತಿದ್ದ ಇಬ್ಬರಲ್ಲಿ ಒಬ್ಬ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲ "ಹ್ಞಂ" ಬಂದಾಗ ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಆಮೇಲೆ ಬಾಕ್ಸಿನ ಜೊತೆಗೇ ಸೊಲ್ಲು ಹಿಡಿದರು, ತಮ್ಮದೇ ದನಿಯ ಮೇಲೆ. ಅಮ್ಮನ ಫೋನಿನಲ್ಲೂ ಆ ಫೈಲಿದೆ, ಅಡುಗೆಮನೆಯಲ್ಲಿ ಸ್ಟೀಲ್ ಲೋಟದೊಳಗೆ ಫೋನ್ ಇಟ್ಟು ಕೇಳುತ್ತಾಳೆ. ಮೂಲ ಫೈಲ್ ಹೋದ ಸಂಗತಿ ಅವಳಿಗೆ ಗೊತ್ತಾಗುವುದು ಈ ಲೇಖನ ಓದಿದ ಮೇಲೆಯೇ.